ಹಿಂದೆ ಕೂತ ಮೇಷ್ಟ್ರ ಕಾಲಿಗೆ ಬ್ರೇಕ್ ಇಲ್ಲ: ಬೈಕ್ ಕಲಿಸುವವರಿಗೆ ನಮ್ಮ ಕಾನೂನು ಏನು ಹೇಳುತ್ತದೆ?

ನನ್ನ ಅಣ್ಣ ಬೈಕ್ ಕಲಿತದ್ದು ಎಂಟನೇ ಕ್ಲಾಸಿನಲ್ಲಿ. ಊರ ಹೈಸ್ಕೂಲ್ ಮೈದಾನ, ಮಾವನ ಹಳೇ ಗಾಡಿ, ಒಂದು ಭಾನುವಾರ. ಒಂದು ರೂಪಾಯಿ ಖರ್ಚಿಲ್ಲ. ನಾನು ಕಲಿತದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ ಮೇಲೆ, ಡ್ರೈವಿಂಗ್ ಸ್ಕೂಲಿಗೆ ದುಡ್ಡು ಕಟ್ಟಿ. ಮಾವನ ಗಾಡಿ ಮುಟ್ಟೋಕೆ ನನಗೆ ಯಾರೂ ಬಿಟ್ಟಿರಲಿಲ್ಲ.

ಸ್ಕೂಲು ಅಂದರೆ ಒಂದು ಬಾಡಿಗೆ ಮಳಿಗೆ, ಗೋಡೆ ಮೇಲೆ ಟ್ರಾಫಿಕ್ ಚಿಹ್ನೆಗಳ ಬಣ್ಣ ಮಾಸಿದ ಚಾರ್ಟು, ಹೊರಗೆ ನಿಂತ ಒಂದು ಕಾರು, ಒಂದು ಸ್ಕೂಟರು. ಮೊದಲ ನಾಲ್ಕು ದಿನ ಟ್ರೈನರ್ ನನ್ನ ಹಿಂದೆ ಕೂತು, ಎರಡೂ ಕಡೆಯಿಂದ ಕೈ ಚಾಚಿ, ನನ್ನ ಕೈ ಮೇಲೇ ತಮ್ಮ ಕೈ ಇಟ್ಟು ಹ್ಯಾಂಡಲ್ ಹಿಡಿದುಕೊಂಡಿದ್ದರು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಐದನೇ ದಿನ ಕೈ ಬಿಟ್ಟರು. ಲೇಔಟಿನ ಖಾಲಿ ರಸ್ತೆಯಲ್ಲಿ ಒಂದು ನಾಯಿ ಅಡ್ಡ ಬಂತು. ಗಾಬರಿಯಲ್ಲಿ ನಾನು ಹ್ಯಾಂಡಲನ್ನು ಬಿಗಿಯಾಗಿ ಹಿಡಿದೆ. ಹಿಡಿದ ರಭಸಕ್ಕೆ ಬಲಗೈಯ ಆಕ್ಸಿಲರೇಟರ್ ತಿರುಗಿತು. ಹಿಂದಿನಿಂದ "ಬ್ರೇಕ್, ಬ್ರೇಕ್" ಅನ್ನೋ ಕೂಗು. ಗಾಡಿ ಹೋಗಿ ಯಾರದೋ ಮನೆಯ ಗೇಟಿಗೆ ಗುದ್ದಿತು. ನನ್ನ ಮಂಡಿ ತರಚಿತು, ಅವರ ಕಾಲು ಗಾಡಿಯ ಕೆಳಗೆ ಸಿಕ್ಕಿಕೊಂಡಿತು. ನನ್ನ ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ಸ್ಕೂಲಿನವರು ಕೊಟ್ಟಿರಲಿಲ್ಲ, ನನಗೂ ಕೇಳಬೇಕು ಅಂತ ಹೊಳೆದಿರಲಿಲ್ಲ.

"ಬೀಳದೆ ಯಾರೂ ಕಲಿಯಲ್ಲ ಮೇಡಂ" ಅಂದರು ಅವರು, ಕುಂಟುತ್ತಾ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನನ್ನ ಜೊತೆಗೇ ಬಿದ್ದರು. ಆದರೆ ಮಂಡಿಯ ಗಾಯ ಒಣಗುವಷ್ಟರಲ್ಲಿ ಒಂದು ಪ್ರಶ್ನೆ ತಲೆಯಲ್ಲಿ ಕೂತಿತು: ದುಡ್ಡು ತಗೊಂಡು ಗಾಡಿ ಕಲಿಸುವವರಿಗೆ ಈ ದೇಶದಲ್ಲಿ ನಿಯಮ ಏನಿದೆ? ಓದಲು ಕೂತೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಲೈಸೆನ್ಸ್ ಮಾಡಿಸಲು ಹೊರಟವರಿಗೆ, ಅದಕ್ಕಿಂತ ಹೆಚ್ಚಾಗಿ ನಿಯಮಗಳನ್ನು ಪ್ರಶ್ನಿಸುವವರಿಗೆ ಉಪಯೋಗ ಆಗಬಹುದು.

ಕಾರಿಗೆ ಹೊಲಿದ ಅಂಗಿ

ಮೊದಲು ಒಂದು ಮೂಲ ಸಂಗತಿ. ಭಾರತದಲ್ಲಿ ಬೈಕ್ ಲೈಸೆನ್ಸ್ ಪಡೆಯಲು ಯಾವ ತರಬೇತಿಯೂ ಕಡ್ಡಾಯ ಅಲ್ಲ. ಎಲ್‌ಎಲ್‌ಆರ್ ಮಾಡಿಸಿ, 30 ದಿನ ಕಾದು, ಆರ್‌ಟಿಒ ಟ್ರ್ಯಾಕಿನಲ್ಲಿ ಎಂಟು ಹಾಕಿ ತೋರಿಸಿದರೆ ಸಾಕು. ಆ 30 ದಿನದಲ್ಲಿ ಯಾರ ಹತ್ತಿರ ಕಲಿತಿರಿ, ಎಲ್ಲಿ ಕಲಿತಿರಿ, ಕಲಿತಿರೋ ಇಲ್ಲವೋ ಅಂತ ಯಾರೂ ಕೇಳಲ್ಲ. ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟು, ಅಂದರೆ ಫಾರ್ಮ್ 5, ಬೇಕಾಗುವುದು ಲಾರಿ, ಬಸ್ಸಿನಂಥ ಸಾರಿಗೆ ವಾಹನಗಳಿಗೆ.

ಸರಿ, ಸ್ಕೂಲಿಗೆ ಹೋಗದವರ ವಿಷಯ ಬಿಡಿ. ಕಲಿಯುವವರ ಜೊತೆ ಯಾರಿರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಹೇಳುತ್ತದೆ. ಎಲ್‌ಎಲ್‌ಆರ್ ಇರುವವರು ಗಾಡಿ ಓಡಿಸುವಾಗ ಲೈಸೆನ್ಸ್ ಇರುವ ಬೋಧಕರೊಬ್ಬರು ಜೊತೆಗಿರಬೇಕು. ಬರೀ ಇದ್ದರೆ ಸಾಲದು, ಗಾಡಿಯನ್ನು ಹಿಡಿತಕ್ಕೆ ತರಲು ಇಲ್ಲವೇ ನಿಲ್ಲಿಸಲು ಆಗುವಂಥ ಜಾಗದಲ್ಲಿ ಕೂತಿರಬೇಕು. ಮುಂದೆ, ಹಿಂದೆ ಬಿಳಿ ಹಲಗೆ ಮೇಲೆ ಕೆಂಪು ಬಣ್ಣದ ಎಲ್ ಅಕ್ಷರ ಇರಬೇಕು. ಆ ಅಕ್ಷರದ ಎತ್ತರ 10 ಸೆಂಟಿಮೀಟರಿಗೆ ಕಡಿಮೆ ಇರಬಾರದು, ದಪ್ಪ 2 ಸೆಂಟಿಮೀಟರಿಗೆ ಕಡಿಮೆ ಇರಬಾರದು ಅಂತೆಲ್ಲ ಅಳತೆ ಕೊಟ್ಟಿದ್ದಾರೆ. ಆಮೇಲೆ ಬೈಕಿಗೆ ಒಂದು ಸಾಲು: ಬೈಕ್ ಕಲಿಯುವವರು ಬೋಧಕರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳಬಾರದು.

ಅಂದರೆ ಕಾನೂನಿನ ಕಣ್ಣಲ್ಲಿ ಬೈಕ್ ಕಲಿಸುವವರ ಜಾಗ ಹಿಂದಿನ ಸೀಟು. ಅಲ್ಲಿ ಕೂತು ಗಾಡಿ ನಿಲ್ಲಿಸಬೇಕು. ಹೇಗೆ? ಬ್ರೇಕ್ ಲಿವರ್ ಎರಡೂ ಮುಂದೆ ಕೂತವರ ಕೈಯಲ್ಲಿ. ಗೇರ್ ಗಾಡಿಯಾದರೆ ಹಿಂದಿನ ಬ್ರೇಕು ಮುಂದೆ ಕೂತವರ ಕಾಲಡಿ. ಎಲ್ ಅಕ್ಷರದ ದಪ್ಪವನ್ನು ಸೆಂಟಿಮೀಟರಿನಲ್ಲಿ ಬರೆದವರು ಈ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣುವುದಿಲ್ಲ.

ಡ್ರೈವಿಂಗ್ ಸ್ಕೂಲುಗಳಿಗೆ ಸಂಬಂಧಿಸಿದ 24ನೇ ನಿಯಮ ಓದಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸ್ಕೂಲಿನ ತರಬೇತಿ ವಾಹನಗಳಿಗೆಲ್ಲ ಡ್ಯುಯಲ್ ಕಂಟ್ರೋಲ್ ಇರಬೇಕು. ಕಾರಿನಲ್ಲಿ ಟ್ರೈನರ್ ಕಾಲಡಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದು. ಕಲಿಯುವವರು ತಪ್ಪು ಮಾಡಿದಾಗ ಜೀವ ಉಳಿಸೋದು ಅದೇ. ಈ ಷರತ್ತಿನಿಂದ ಬೈಕುಗಳನ್ನು ಹೊರಗಿಟ್ಟಿದ್ದಾರೆ. ಹೊರಗಿಡಲೇಬೇಕು, ಬೈಕಿಗೆ ಎರಡನೇ ಬ್ರೇಕ್ ಎಲ್ಲಿ ಕೂರಿಸುತ್ತೀರಿ? ಸಮಸ್ಯೆ ವಿನಾಯಿತಿಯದ್ದಲ್ಲ. ವಿನಾಯಿತಿ ಕೊಟ್ಟು ಖಾಲಿ ಬಿಟ್ಟ ಜಾಗದಲ್ಲಿ ಬೇರೆ ಯಾವ ರಕ್ಷಣೆಯನ್ನೂ ಇಡಲಿಲ್ಲ ಅನ್ನುವುದು ಸಮಸ್ಯೆ. ಬೈಕನ್ನು ಹೊರಗಿನಿಂದ ನಿಲ್ಲಿಸಲಾಗದು ಅಂದಮೇಲೆ, ಬಿದ್ದರೂ ಏಟಾಗದ ಜಾಗ ಬೇಕು, ಏಟು ತಡೆಯುವ ಉಡುಪು ಬೇಕು, ಕಣ್ಣಿಟ್ಟು ನೋಡುವ ಜನ ಬೇಕು. ಈ ಮೂರರ ಬಗ್ಗೆಯೂ ಆ ನಿಯಮ ಮಾತಾಡುವುದಿಲ್ಲ.

ಹಾಗಾದರೆ ಸ್ಕೂಲಿನಲ್ಲಿ ಏನೇನು ಇರಬೇಕು ಅಂತ ಬರೆದಿದ್ದಾರೆ? ಕಪ್ಪುಹಲಗೆ, ರಸ್ತೆ ನಕ್ಷೆಯ ಬೋರ್ಡು, ಚಿಹ್ನೆಗಳ ಚಾರ್ಟು, ಪಂಕ್ಚರ್ ಕಿಟ್ಟು, ಜಾಕು, ಸ್ಪ್ಯಾನರ್ ಸೆಟ್ಟು, ಬೆಂಚು, ಮೇಜು, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಓದುವಾಗ ಐಟಿಐ ವರ್ಕ್‌ಶಾಪಿನ ಪಟ್ಟಿ ಓದಿದ ಹಾಗೆ ಅನ್ನಿಸಿತು. ಹೆಲ್ಮೆಟ್ ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಬೈಕ್ ಮೇಲೆ ಕೂತವರೆಲ್ಲ ಹೆಲ್ಮೆಟ್ ಹಾಕಬೇಕು ಅಂತ ಕಾಯ್ದೆಯ 129ನೇ ಕಲಂ ಹೇಳುತ್ತದೆ, ನಿಜ. ಆದರೆ ಕಲಿಯುವವರಿಗೆ ಅಳತೆಗೆ ಸರಿಯಾದ ಹೆಲ್ಮೆಟ್ ಒದಗಿಸುವುದು ಸ್ಕೂಲಿನ ಹೊಣೆ ಅಂತ ಎಲ್ಲೂ ಇಲ್ಲ. ಜಾಕ್ ಇರಲೇಬೇಕು.

ಕಲಿಸುವವರಿಗೆ ಏನು ಗೊತ್ತಿರಬೇಕು?

ಬೋಧಕರ ಅರ್ಹತೆಯೂ ಅದೇ 24ನೇ ನಿಯಮದಲ್ಲಿದೆ. ಹತ್ತನೇ ತರಗತಿ ಪಾಸಾಗಿರಬೇಕು. ಐದು ವರ್ಷ ವಾಹನ ಓಡಿಸಿದ ಅನುಭವ ಇರಬೇಕು. ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟೋ, ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಅದಕ್ಕಿಂತ ಮೇಲಿನ ಓದೋ ಇರಬೇಕು. ಟ್ರಾಫಿಕ್ ಚಿಹ್ನೆಗಳು ಚೆನ್ನಾಗಿ ಗೊತ್ತಿರಬೇಕು. ಗಾಡಿಯ ಬಿಡಿಭಾಗಗಳು ಹೇಗೆ ಕೆಲಸ ಮಾಡುತ್ತವೆ ಅಂತ ವಿವರಿಸಲು ಬರಬೇಕು. ಇಂಗ್ಲಿಷೋ ಸ್ಥಳೀಯ ಭಾಷೆಯೋ ಬರಬೇಕು.

ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಇದು ಒಬ್ಬ ಮೆಕ್ಯಾನಿಕ್‌ನ ಅರ್ಹತೆ, ಮೇಷ್ಟ್ರದ್ದಲ್ಲ. ಗಾಡಿ ರಿಪೇರಿ ಮಾಡೋಕೆ ಬರುವವರಿಗೆಲ್ಲ ಗಾಡಿ ಕಲಿಸೋಕೆ ಬರಲ್ಲ. ಹೆದರಿದವರ ಕೈ ಆಕ್ಸಿಲರೇಟರನ್ನೇ ತಿರುಗಿಸುತ್ತದೆ ಅನ್ನೋದು ಕಲಿಸುವವರಿಗೆ ಮೊದಲೇ ಗೊತ್ತಿದ್ದರೆ ಮೊದಲ ದಿನವೇ "ಗಾಬರಿಯಾದಾಗ ಆಕ್ಸಿಲರೇಟರ್ ಬಿಡಿ" ಅಂತ ಅಭ್ಯಾಸ ಮಾಡಿಸುತ್ತಾರೆ. ಮುಂದಿನ ಬ್ರೇಕಿನ ವಿಷಯ ತಗೊಳ್ಳಿ. "ಫ್ರಂಟ್ ಬ್ರೇಕ್ ಮುಟ್ಬೇಡ, ಪಲ್ಟಿ ಹೊಡೀತೀಯ" ಅನ್ನೋ ಮಾತು ಕೇಳದೆ ಈ ನಾಡಿನಲ್ಲಿ ಬೈಕ್ ಕಲಿತವರು ಇದ್ದಾರಾ? ನನ್ನ ಅಣ್ಣನಿಗೆ ಮಾವ ಹೇಳಿದ್ದೂ ಅದೇ, ನನಗೆ ಟ್ರೈನರ್ ಹೇಳಿದ್ದೂ ಅದೇ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಿನ ಚಕ್ರಕ್ಕೆ ಬೀಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ಗಾಡಿಯನ್ನು ನಿಜವಾಗಿ ನಿಲ್ಲಿಸೋದು ಮುಂದಿನ ಬ್ರೇಕು. ಹಿಂದಿನದನ್ನೇ ನಂಬಿ ತುಳಿದರೆ ಚಕ್ರ ಜಾಮ್ ಆಗಿ ಗಾಡಿ ಜಾರುತ್ತದೆ. 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ವ್ಯವಸ್ಥೆ 2019ರಿಂದ ಬಂದಿದೆ. ಗಾಡಿ ಬದಲಾಯಿತು, ಮಾವನ ಉಪದೇಶ ಬದಲಾಗಲಿಲ್ಲ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಮತ್ತವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತಲಿನ 900 ಬೈಕ್ ಅಪಘಾತಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 1981ರಲ್ಲಿ ವರದಿ ಕೊಟ್ಟಿತು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಶೇ. 92ರಷ್ಟು ಜನ ತಾವಾಗಿಯೇ ಕಲಿತವರು, ಇಲ್ಲವೇ ಮನೆಯವರು, ಗೆಳೆಯರಿಂದ ಕಲಿತವರು. ಕೊನೇ ಕ್ಷಣದಲ್ಲಿ ಅವರು ಮಾಡಿದ ತಪ್ಪೂ ಅದೇ: ಹಿಂದಿನ ಬ್ರೇಕನ್ನು ಅತಿಯಾಗಿ, ಮುಂದಿನದನ್ನು ಕಡಿಮೆ ಬಳಸಿದ್ದು. ಅಲ್ಲಿಯೂ ಮಾವಂದಿರೇ ಕಲಿಸಿದ್ದರು ಅನ್ನಿ.

ಪಠ್ಯಕ್ರಮಕ್ಕೆ ಬಂದರೆ, ಸ್ಕೂಲುಗಳು ಏನು ಕಲಿಸಬೇಕು ಅಂತ 31ನೇ ನಿಯಮದಲ್ಲಿದೆ. ಖಾಸಗಿ ಬಳಕೆಯ ವಾಹನಗಳಿಗೆ ತರಬೇತಿ 21 ದಿನಕ್ಕೆ ಕಡಿಮೆ ಇರಬಾರದು, ನಿಜವಾಗಿ ಓಡಿಸುವ ಸಮಯ 10 ಗಂಟೆಗೆ ಕಡಿಮೆ ಇರಬಾರದು. ಬೈಕಿಗೆ ಅಂತ ಪ್ರತ್ಯೇಕ ಪಾಠ ಇಲ್ಲ. "ಅಂಥ ವಾಹನಕ್ಕೆ ಅನ್ವಯವಾಗುವ ಭಾಗಗಳನ್ನು" ಮಾಡಿದರೆ ಸಾಕು ಅನ್ನುವ ಅರ್ಥದ ಒಂದು ಸಾಲು ಇದೆ. ಯಾವ ಭಾಗ ಅನ್ವಯ ಆಗುತ್ತದೆ, ಯಾವುದು ಆಗಲ್ಲ ಅಂತ ತೀರ್ಮಾನಿಸುವವರು ಯಾರು? ಸ್ಕೂಲಿನವರೇ. ತಿರುವಿನಲ್ಲಿ ಗಾಡಿ ವಾಲಿಸುವುದು, ಮಳೆಯಲ್ಲಿ ಬಿಳಿ ಪಟ್ಟೆ ಮೇಲೆ ಬ್ರೇಕ್ ಹಿಡಿಯುವುದು, ಲಾರಿಯ ಪಕ್ಕ ಎಲ್ಲಿ ಇರಬಾರದು ಅನ್ನುವುದು, ಇವೆಲ್ಲ ಕಾರಿಗೆ ಅನ್ವಯವಾಗದ, ಬೈಕಿಗೆ ಮಾತ್ರ ಬೇಕಾದ ಪಾಠಗಳು. ಕಾರಿನ ಪಾಠದಿಂದ ಏನೇನು ಕಳೆದರೂ ಇವು ಉಳಿಯುವುದಿಲ್ಲ.

ಒಬ್ಬರಿಗೆ ಎಷ್ಟು ಜನ?

ಬೇರೆ ಕಡೆ ಹೇಗಿದೆ ಅಂತ ನೋಡಿದಾಗ ನನಗೆ ಎದ್ದು ಕಂಡದ್ದು ಒಂದೇ ಒಂದು ಲೆಕ್ಕ: ಒಬ್ಬ ಬೋಧಕರ ಪಾಲಿಗೆ ಎಷ್ಟು ಜನ ಕಲಿಯುವವರು. ನಮ್ಮ ನಿಯಮದಲ್ಲಿ ಈ ಲೆಕ್ಕವೇ ಇಲ್ಲ, ಯಾಕೆಂದರೆ ಕಾರಿನಲ್ಲಿ ಅದು ಬೇಕಾಗುವುದಿಲ್ಲ.

ಬ್ರಿಟನ್ನಿನಲ್ಲಿ 1990ರಿಂದ ಸಿಬಿಟಿ ಅನ್ನುವ ಕಡ್ಡಾಯ ಮೂಲ ತರಬೇತಿ ಇದೆ. ಅದು ಮುಗಿಸದೆ ಎಲ್ ಬೋರ್ಡ್ ಹಾಕಿಕೊಂಡು ಕೂಡ ರಸ್ತೆಗೆ ಇಳಿಯುವಂತಿಲ್ಲ. ಐದು ಹಂತ. ಮೊದಲು ಮಾತು: ಉಡುಪು, ಹೆಲ್ಮೆಟ್, ಕಣ್ಣಿನ ಪರೀಕ್ಷೆ. ಆಮೇಲೆ ಮುಚ್ಚಿದ ಮೈದಾನದಲ್ಲಿ ಗಾಡಿಯ ಪರಿಚಯ, ಅಲ್ಲೇ ಸವಾರಿ. ಆಮೇಲೆ ರಸ್ತೆಯ ಬಗ್ಗೆ ಪಾಠ. ಕೊನೆಗೆ ಕನಿಷ್ಠ ಎರಡು ಗಂಟೆ ರಸ್ತೆ ಸವಾರಿ. ಮೈದಾನದಲ್ಲಿ ಒಬ್ಬ ಬೋಧಕರಿಗೆ ಹೆಚ್ಚೆಂದರೆ ನಾಲ್ಕು ಜನ. ರಸ್ತೆಗೆ ಇಳಿದ ಮೇಲೆ ಎರಡೇ ಜನ.

ಬೋಧಕರು ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ. ತಮ್ಮದೇ ಬೈಕಿನಲ್ಲಿ ಹಿಂದೆ ಬರುತ್ತಾ, ಕಲಿಯುವವರ ಹೆಲ್ಮೆಟ್ಟಿನೊಳಗಿನ ರೇಡಿಯೊದಲ್ಲಿ ಮಾತಾಡುತ್ತಾರೆ. "ಕನ್ನಡಿ ನೋಡಿ, ಇಂಡಿಕೇಟರ್ ಆರಿಸಿ" ಅಂತ. ನಮ್ಮ ನಿಯಮದ ಮುಂದೆ ನಿಂತಿದ್ದ ಸಮಸ್ಯೆಯೇ ಅವರ ಮುಂದೆಯೂ ಇತ್ತು: ಬೈಕನ್ನು ಹೊರಗಿನಿಂದ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ನಿಲ್ಲಿಸುವ ಸಾಮರ್ಥ್ಯ ಕಲಿಯುವವರಿಗೆ ಬರುವ ತನಕ ರಸ್ತೆಗೇ ಬಿಡುವುದಿಲ್ಲ. ಸಿಬಿಟಿ ಪರೀಕ್ಷೆಯೂ ಅಲ್ಲ. ಬೋಧಕರಿಗೆ ನಂಬಿಕೆ ಬಂದರೆ ಸರ್ಟಿಫಿಕೇಟು, ಬರದಿದ್ದರೆ "ಇನ್ನೊಂದು ದಿನ ಬನ್ನಿ". ಆ ಸರ್ಟಿಫಿಕೇಟಿಗೂ ಎರಡೇ ವರ್ಷ ಆಯಸ್ಸು. ಕಲಿಸುವವರು 21 ವರ್ಷ ದಾಟಿರಬೇಕು, ಮೂರು ವರ್ಷ ಪೂರ್ಣ ಬೈಕ್ ಲೈಸೆನ್ಸ್ ಇಟ್ಟುಕೊಂಡಿರಬೇಕು, ಜೊತೆಗೆ ಅವರಿಗೆ ಕಲಿಸಲು ಬರುತ್ತದೋ ಇಲ್ಲವೋ ಅಂತ ಸರ್ಕಾರಿ ಸಂಸ್ಥೆ ಪರೀಕ್ಷೆ ಮಾಡುತ್ತದೆ. ಬೈಕ್ ಓಡಿಸಿದ ಅನುಭವ ಅಂತ ಅಲ್ಲಿ ಸ್ಪಷ್ಟವಾಗಿದೆ. ನಮ್ಮಲ್ಲಿ ಐದು ವರ್ಷದ ಅನುಭವ ಯಾವ ವಾಹನದ್ದು ಅಂತ ಬಿಡಿಸಿ ಕೇಳುವ ಮಾತಿಲ್ಲ.

ಅಮೆರಿಕದಲ್ಲಿ 1973ರಲ್ಲಿ ಹುಟ್ಟಿದ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್‌ನ ಮೂಲ ಕೋರ್ಸು ಬಹಳ ರಾಜ್ಯಗಳಲ್ಲಿ ಬಳಕೆಯಲ್ಲಿದೆ. ಅಲ್ಲಿ ಮೈದಾನದಲ್ಲಿ ಒಬ್ಬ ಕೋಚ್‌ಗೆ ಆರು ಜನ. ಇಬ್ಬರು ಕೋಚ್ ಇದ್ದರೆ ಹನ್ನೆರಡು, ಅದಕ್ಕಿಂತ ಹೆಚ್ಚು ಬೇಡ. ಹೆಲ್ಮೆಟ್, ಕಣ್ಣಿಗೆ ರಕ್ಷಣೆ, ಪೂರ್ಣ ಬೆರಳಿನ ಗ್ಲೌಸು, ಉದ್ದ ತೋಳಿನ ಅಂಗಿ, ಕಣಕಾಲು ಮುಚ್ಚುವ ಶೂ ಇಲ್ಲದವರನ್ನು ಗಾಡಿ ಹತ್ತಿಸುವುದಿಲ್ಲ.

ನಾಲ್ಕು, ಎರಡು, ಆರು. ಈ ಅಂಕಿಗಳು ಆಕಾಶದಿಂದ ಉದುರಿದ್ದಲ್ಲ. ಒಬ್ಬ ಮನುಷ್ಯನ ಎರಡು ಕಣ್ಣು ಎಷ್ಟು ಗಾಡಿಗಳನ್ನು ಒಟ್ಟಿಗೆ ನೋಡಬಹುದು ಅನ್ನುವ ಲೆಕ್ಕ. ನಮ್ಮಲ್ಲಿ ಒಬ್ಬ ಟ್ರೈನರ್ ಬೆಳಗ್ಗೆ ಆರರಿಂದ ಒಬ್ಬರಾದ ಮೇಲೆ ಒಬ್ಬರಿಗೆ ಅರ್ಧರ್ಧ ಗಂಟೆ ಕಲಿಸುತ್ತಾರೆ. ಹಾಗೆ ನೋಡಿದರೆ ಅನುಪಾತ ಒಂದಕ್ಕೆ ಒಂದು, ಬ್ರಿಟನ್ನಿಗಿಂತ ಉತ್ತಮ! ಆದರೆ ಹನ್ನೆರಡನೆಯವರು ಬರುವ ಹೊತ್ತಿಗೆ ಅವರ ಕಣ್ಣು, ಸಹನೆ, ಸೊಂಟ ಯಾವ ಸ್ಥಿತಿಯಲ್ಲಿರುತ್ತವೆ? ದಿನಕ್ಕೆ ಎಷ್ಟು ಗಂಟೆ ಕಲಿಸಬಹುದು ಅನ್ನುವುದಕ್ಕೆ ಮಿತಿ ಬೇಕಿರುವುದು ಕಲಿಯುವವರಿಗಾಗಿ ಮಾತ್ರ ಅಲ್ಲ. ದಿನವಿಡೀ ಬ್ರೇಕಿಲ್ಲದ ಸೀಟಿನಲ್ಲಿ ಕೂತು, ಗಾಡಿ ಬರದವರ ಹಿಂದೆ ಸುತ್ತುವುದು ಅವರ ನೌಕರಿ. ಇದನ್ನು ಕಾರ್ಮಿಕರ ಸುರಕ್ಷತೆಯ ಪ್ರಶ್ನೆಯಾಗಿ ಯಾರಾದರೂ ನೋಡಿದ್ದಾರಾ? ನನ್ನ ಟ್ರೈನರ್ ಕಾಲು ಊದಿಕೊಂಡು ಮೂರು ದಿನ ರಜೆ ಹಾಕಿದರು. ಆ ಮೂರು ದಿನದ ಸಂಬಳ ಬಂತಾ ಅಂತ ಕೇಳುವ ಧೈರ್ಯ ನನಗೆ ಆಗಲಿಲ್ಲ, ಬೀಳಿಸಿದವಳು ನಾನೇ ಆಗಿದ್ದರಿಂದ.

ಕೈ ಮೇಲಿನ ಕೈ

ಈಗ ಆ ಮೊದಲ ನಾಲ್ಕು ದಿನದ ವಿಷಯಕ್ಕೆ ಬರುತ್ತೇನೆ.

ನನ್ನ ಟ್ರೈನರ್ ಸಭ್ಯರು. ಆದರೂ ಗುರುತಿಲ್ಲದ ಗಂಡಸೊಬ್ಬರು ಬೆನ್ನಿಗೆ ತಾಗಿ ಕೂತು, ತೋಳಿನೊಳಗೆ ತೋಳು ಹಾಕಿ ಅರ್ಧ ಗಂಟೆ ಸುತ್ತುವಾಗ ನನ್ನ ಗಮನ ಮುಕ್ಕಾಲು ಪಾಲು ರಸ್ತೆಯ ಮೇಲೆ ಇರಲಿಲ್ಲ. ಗೆಳತಿಯರ ಹತ್ತಿರ ಹೇಳಿದಾಗ ಒಬ್ಬಳು ಎರಡನೇ ದಿನಕ್ಕೇ ಬಿಟ್ಟು ಬಂದ ಕತೆ ಹೇಳಿದಳು. ಕಟ್ಟಿದ ದುಡ್ಡನ್ನೂ ವಾಪಸ್ ಕೇಳಿರಲಿಲ್ಲ. ಯಾಕೆ ಬಿಟ್ಟೆ ಅಂತ ಮನೆಯಲ್ಲಿ ಕೇಳಿದರೆ "ನಂಗೆ ಬ್ಯಾಲೆನ್ಸ್ ಬರಲ್ಲ" ಅಂದಳಂತೆ. ಇವತ್ತಿಗೂ ಅವಳು ಗಾಡಿ ಓಡಿಸಲ್ಲ.

ಇದನ್ನು ಒಬ್ಬ ಕೆಟ್ಟ ಟ್ರೈನರ್ ಕತೆ ಅಂತ ಓದಬೇಡಿ. "ಹಿಡಿತಕ್ಕೆ ತರಲು ಆಗುವ ಜಾಗದಲ್ಲಿ ಕೂತಿರಬೇಕು" ಅನ್ನುವ ನಿಯಮವನ್ನು ಬೈಕಿನ ಮೇಲೆ ಅಕ್ಷರಶಃ ಪಾಲಿಸಬೇಕು ಅಂದರೆ ಇರುವ ದಾರಿ ಇದೊಂದೇ: ಹಿಂದಿನಿಂದ ತಬ್ಬಿದ ಹಾಗೆ ಹ್ಯಾಂಡಲ್ ಹಿಡಿಯುವುದು. ಕೆಟ್ಟವರಿಗೆ ಅದು ಅವಕಾಶ, ಒಳ್ಳೆಯವರಿಗೆ ಮುಜುಗರ. ಗಂಡುಹುಡುಗರು ಬಹುತೇಕ ಮನೆಯ ಗಾಡಿಯಲ್ಲಿ, ಮನೆಯವರ ಹತ್ತಿರ ಕಲಿಯುತ್ತಾರೆ. ಸ್ಕೂಟರ್ ಕಲಿಯಲು ದುಡ್ಡು ಕೊಟ್ಟು ಸ್ಕೂಲಿಗೆ ಬರುವವರು ನಾನು ಕಂಡಂತೆ ಹೆಚ್ಚಾಗಿ ಹೆಂಗಸರು. ಹಾಗಾಗಿ ಸ್ಕೂಲಿನ ನಿಯಮ ಸಡಿಲ ಇದ್ದರೆ ಅದರ ಪೆಟ್ಟು ಮೊದಲು ಬೀಳುವುದು ನಮಗೆ. ಸ್ಕೂಲಿನಲ್ಲಿ ಮಹಿಳಾ ಬೋಧಕರು ಇರಬೇಕು, ಕೇಳಿದವರಿಗೆ ಸಿಗಬೇಕು ಅನ್ನುವ ಷರತ್ತು 24ನೇ ನಿಯಮದಲ್ಲಿ ಇಲ್ಲ. ಹಾಗೆ ಷರತ್ತು ಹಾಕಿದರೂ ಹತ್ತನೇ ಕ್ಲಾಸು, ಐದು ವರ್ಷದ ಅನುಭವ, ಅದರ ಮೇಲೆ ಮೆಕ್ಯಾನಿಕ್ ಸರ್ಟಿಫಿಕೇಟು ಇರುವ ಹೆಂಗಸರು ಎಷ್ಟು ಜನ ಸಿಗುತ್ತಾರೆ? ಐಟಿಐಗಳ ಮೆಕ್ಯಾನಿಕ್ ಕ್ಲಾಸಿಗೆ ಹೋಗಿ ಹುಡುಗಿಯರನ್ನು ಎಣಿಸಿ ನೋಡಿ. ಬಾಗಿಲು ಮುಚ್ಚಿರುವುದು ಅಲ್ಲಿ.

ಮೈದಾನದಲ್ಲಿ ನೆಲದ ಮೇಲೆ ನಿಂತು ಕಲಿಸುವ ಪದ್ಧತಿ ಬಂದರೆ ಈ ಸಮಸ್ಯೆಯ ಬಹುಪಾಲು ತಾನಾಗಿ ಕರಗುತ್ತದೆ. ಮೊದಲ ದಿನ ಎಂಜಿನ್ ಆಫ್ ಮಾಡಿ ಕಾಲಲ್ಲಿ ತಳ್ಳಿಕೊಂಡು ಹೋಗುವುದು, ಆಮೇಲೆ ನಡಿಗೆಯ ವೇಗದಲ್ಲಿ ನೇರ ಹೋಗಿ ನಿಲ್ಲಿಸುವುದು, ನಿಲ್ಲಿಸಲು ಬಂದ ಮೇಲೆ ಓಡಿಸುವುದು. ಯಾರೂ ಯಾರ ಹಿಂದೆಯೂ ಕೂರಬೇಕಿಲ್ಲ.

2021ರಲ್ಲಿ ಬಂದದ್ದು ಏನು?

"ಹೊಸ ನಿಯಮ ಬಂದಿದೆಯಲ್ಲ, ಆರ್‌ಟಿಒ ಟೆಸ್ಟೇ ಬೇಡವಂತೆ" ಅಂತ 2024ರಲ್ಲಿ ವಾಟ್ಸಾಪಿನಲ್ಲಿ ಓಡಾಡಿದ್ದು ನೆನಪಿರಬಹುದು. ಏನೂ ಬದಲಾಗಿಲ್ಲ ಅಂತ ಕೇಂದ್ರ ಸಾರಿಗೆ ಇಲಾಖೆ ಆಗ ಸ್ಪಷ್ಟನೆ ಕೊಡಬೇಕಾಯಿತು. ವಿಷಯ ಇಷ್ಟೇ. 2019ರ ತಿದ್ದುಪಡಿಯ ನಂತರ 2021ರ ಜೂನ್‌ನಲ್ಲಿ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ ಬಂತು, ಜುಲೈ 1ರಿಂದ ಜಾರಿಯಾಯಿತು. ಇಂಥ ಕೇಂದ್ರಕ್ಕೆ ಸಿಮ್ಯುಲೇಟರ್ ಬೇಕು, ಸ್ವಂತ ಟ್ರ್ಯಾಕ್ ಬೇಕು, ಬಯೋಮೆಟ್ರಿಕ್ ಹಾಜರಿ ಬೇಕು. ಅಲ್ಲಿ ಪಾಸಾದವರಿಗೆ ಆರ್‌ಟಿಒ ಟೆಸ್ಟಿನಿಂದ ವಿನಾಯಿತಿ. ಬೀದಿ ಕೊನೆಯ ಮಾಮೂಲಿ ಸ್ಕೂಲಿನಲ್ಲಿ ಕಲಿತವರಿಗೆ ಆ ವಿನಾಯಿತಿ ಇಲ್ಲ.

ಟ್ರ್ಯಾಕ್ ಕೇಳಿದ್ದು ಒಳ್ಳೆಯ ಹೆಜ್ಜೆ, ಒಪ್ಪುತ್ತೇನೆ. ಆದರೆ ಅದರ ಮನಸ್ಸೂ ಕಾರು, ಲಾರಿಯ ಕಡೆಗೇ ಇದೆ. ಕಾರಿನ ಕೋರ್ಸಿಗೆ ನಾಲ್ಕು ವಾರ, 29 ಗಂಟೆ, ಅದರಲ್ಲಿ 8 ಗಂಟೆ ಪಾಠ, 21 ಗಂಟೆ ಓಡಿಸುವುದು ಅಂತ ವಿವರ ಇದೆ. ಅಷ್ಟು ಜಾಗ, ಅಷ್ಟು ಬಂಡವಾಳ ಹಾಕಿದವರು ಕಾರಿನವರನ್ನೇ ಹುಡುಕುತ್ತಾರೆ. ಸ್ಕೂಟರ್ ಕಲಿಯಲು ಬರುವ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಸಿಗುವುದು ಅದೇ ಬೀದಿ ಕೊನೆಯ ಸ್ಕೂಲು. ಮೇಲ್ಮಟ್ಟದಲ್ಲಿ ಸಿಮ್ಯುಲೇಟರ್, ಕೆಳಗೆ ಹೆಲ್ಮೆಟ್ ಕೂಡ ಇಲ್ಲ. ನಡುವೆ ಏನೂ ಇಲ್ಲ.

ಇನ್ನು ಟೆಸ್ಟು. 15ನೇ ನಿಯಮದ ಪಟ್ಟಿಯಲ್ಲಿ ತುರ್ತು ಸಂದರ್ಭದಲ್ಲಿ ಗಾಡಿ ನಿಲ್ಲಿಸುವುದೂ ಇದೆ. ನನ್ನ ಟೆಸ್ಟ್ ದಿನ ನಡೆದದ್ದು ಕಾಲು ಊರದೆ ಎಂಟು ಹಾಕುವುದಷ್ಟೇ, ಅದೂ ನಡಿಗೆಯ ವೇಗದಲ್ಲಿ. ಬ್ರಿಟನ್ನಿನ ಬೈಕ್ ಪರೀಕ್ಷೆಯ ಮೊದಲ ಭಾಗದಲ್ಲಿ ಗಂಟೆಗೆ ಕನಿಷ್ಠ 50 ಕಿ.ಮೀ. ವೇಗದಲ್ಲಿ ಬಂದು ತಟ್ಟನೆ ನಿಲ್ಲಿಸಿ ತೋರಿಸಬೇಕು, ಅದೇ ವೇಗದಲ್ಲಿ ಅಡ್ಡ ಬಂದದ್ದನ್ನು ತಪ್ಪಿಸಿ ತೋರಿಸಬೇಕು. ನಮ್ಮಲ್ಲಿ ಮೊದಲ ಸಲ ಆ ವೇಗದಲ್ಲಿ ಬ್ರೇಕ್ ಹಿಡಿಯುವುದು ಎದುರಿಗೆ ನಿಜವಾದ ಟಿಪ್ಪರ್ ಬಂದಾಗ.

ತರಬೇತಿ ಕೊಟ್ಟರೆ ಸಾವು ಕಡಿಮೆ ಆಗುತ್ತಾ?

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಅದರಲ್ಲಿ 74,897 ಜನ ದ್ವಿಚಕ್ರ ವಾಹನದವರು, ಅಂದರೆ ಶೇ. 44.5. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಈ ಅಂಕಿ ತೋರಿಸಿ "ಎಲ್ಲರಿಗೂ ತರಬೇತಿ ಕಡ್ಡಾಯ ಮಾಡಿ, ಸಾವು ನಿಲ್ಲುತ್ತದೆ" ಅಂತ ಬರೆದುಬಿಡುವುದು ಸುಲಭ. ನಾನು ಹಾಗೆ ಬರೆಯಲ್ಲ. ಬೈಕ್ ತರಬೇತಿಯ ಪರಿಣಾಮದ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2010ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ, ತರಬೇತಿಯಿಂದ ಅಪಘಾತ ಕಡಿಮೆ ಆಗುತ್ತದೆ ಅಂತ ಗಟ್ಟಿಯಾಗಿ ಹೇಳುವಷ್ಟು ಒಳ್ಳೆಯ ಪುರಾವೆ ಸಿಗಲಿಲ್ಲ ಅಂದಿತು. ಕಡ್ಡಾಯ ಮಾಡಿದ ಕಡೆ ಎಷ್ಟೋ ಜನ ಲೈಸೆನ್ಸ್ ಗೊಡವೆಯೇ ಬೇಡ ಅಂತ ಬಿಡುವ ಸಾಧ್ಯತೆಯೂ ಇದೆ. ನಮ್ಮಲ್ಲಿ ಕಡ್ಡಾಯ ಅಂದ ಕೂಡಲೇ ಏಜೆಂಟರ ರೇಟು ಏರುತ್ತದೆ, ಕಲಿಕೆ ಏರುವುದಿಲ್ಲ. ಅದು ನಿಮಗೂ ಗೊತ್ತು.

ಹಾಗಾಗಿ ನನ್ನ ವಾದ ಅದಕ್ಕಿಂತ ಸಣ್ಣದು. ಎಲ್ಲರೂ ಸ್ಕೂಲಿಗೆ ಹೋಗಲೇಬೇಕು ಅಂತ ನಾನು ಕೇಳುತ್ತಿಲ್ಲ. ಸರ್ಕಾರದ ಲೈಸೆನ್ಸ್ ಇಟ್ಟುಕೊಂಡು, ದುಡ್ಡು ತಗೊಂಡು ಕಲಿಸುವ ಜಾಗದಲ್ಲಿ ಕಲಿಯುವವರೂ ಕಲಿಸುವವರೂ ಏಟು ಮಾಡಿಕೊಳ್ಳಬಾರದು. ಇದಕ್ಕೆ ಅಧ್ಯಯನ ಬೇಕಿಲ್ಲ. ಬೈಕಿಗೆ ಡ್ಯುಯಲ್ ಕಂಟ್ರೋಲ್ ವಿನಾಯಿತಿ ಕೊಟ್ಟ ಆ ಒಂದು ವಾಕ್ಯದ ಮುಂದೆ ನಾಲ್ಕು ವಾಕ್ಯ ಸೇರಿಸಬೇಕು: ಮೊದಲ ಗಂಟೆಗಳು ಮುಚ್ಚಿದ ಜಾಗದಲ್ಲಿ, ಹೆಲ್ಮೆಟ್ ಸ್ಕೂಲಿನದ್ದು, ಬೋಧಕರ ಕೈಯಲ್ಲಿ ಬೈಕಿನ ಅನುಭವ, ಒಬ್ಬರಿಗೆ ಇಂತಿಷ್ಟೇ ಜನ. ಜಾಗ ಎಲ್ಲಿದೆ ಅಂತ ಕೇಳುತ್ತಾರೆ. ಭಾನುವಾರ ಬೀಗ ಹಾಕಿರುವ ಸರ್ಕಾರಿ ಕಾಲೇಜಿನ ಮೈದಾನಗಳು ಊರಿಗೊಂದು ಇವೆ. ಅಣ್ಣ ಕಲಿತದ್ದು ಅಂಥದ್ದರಲ್ಲೇ.

ಡೆಲಿವರಿ ಹುಡುಗರ ವಿಷಯವನ್ನೂ ಇಲ್ಲಿ ಹೇಳದೆ ಇರಲಾರೆ. ಗಾಡಿಯೇ ಅವರ ಕೆಲಸದ ಜಾಗ. ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲಿಸುವ ಮೊದಲು ಅದನ್ನು ಓಡಿಸಲು ಕಲಿಸಬೇಕಾದ್ದು ಮಾಲೀಕರ ಹೊಣೆ ಅಂತ ಎಲ್ಲರೂ ಒಪ್ಪುತ್ತಾರೆ. ಇಲ್ಲಿ ಆಪ್ ಡೌನ್‌ಲೋಡ್ ಮಾಡಿದರೆ ಸಾಕು. 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಒಳಗಿನ ವೇಗದ ಎಲೆಕ್ಟ್ರಿಕ್ ಗಾಡಿಗಳಿಗಂತೂ ಲೈಸೆನ್ಸೇ ಬೇಡ. ನಿಯಮದ ಪ್ರಕಾರ ಅವು ಮೋಟಾರು ವಾಹನವೇ ಅಲ್ಲ. ರಿಂಗ್ ರಸ್ತೆಯಲ್ಲಿ ಬಸ್ಸಿನ ಪಕ್ಕ ಓಡುವಾಗ ಬಸ್ಸಿಗೆ ಅದು ಗೊತ್ತಿರುತ್ತದಾ? ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದು ಕಂಪನಿಗಳಿಂದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲಿಗೆ ದಾರಿ ಮಾಡಿದೆ. ಆ ದುಡ್ಡಿನ ಒಂದು ಪಾಲು, ಸತ್ತ ಮೇಲಿನ ಪರಿಹಾರಕ್ಕಲ್ಲದೆ, ಬ್ರೇಕ್ ಹಿಡಿಯುವುದನ್ನು ಕಲಿಸುವ ಮೈದಾನಕ್ಕೂ ಹೋಗಲಿ ಅಂತ ಕಾರ್ಮಿಕ ಸಂಘಟನೆಗಳು ಕೇಳಬಹುದು.

ಈಗಲೇ ಕೇಳಬಹುದಾದದ್ದು

ನಿಯಮ ಬದಲಾಗುವ ತನಕ ಇರುವ ನಿಯಮವನ್ನಾದರೂ ಬಳಸಿಕೊಳ್ಳೋಣ. ಪ್ರತಿ ಸ್ಕೂಲೂ ಕಲಿಯುವವರ ರಿಜಿಸ್ಟರನ್ನು ಫಾರ್ಮ್ 14ರಲ್ಲಿ ಇಡಬೇಕು. ಯಾರು ಎಷ್ಟು ಗಂಟೆ ಓಡಿಸಿದರು ಅನ್ನುವ ಲೆಕ್ಕವನ್ನು ಫಾರ್ಮ್ 15ರಲ್ಲಿ ಇಡಬೇಕು. ದುಡ್ಡು ಕಟ್ಟುವ ದಿನವೇ ಕೇಳಿ: ಸ್ಕೂಲಿನ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಅದಕ್ಕೆ ಐದು ವರ್ಷದ ಅವಧಿ ಇರುತ್ತದೆ. ಕಲಿಸುವವರ ಹೆಸರು ದಾಖಲೆಯಲ್ಲಿದೆಯಾ? 10 ಗಂಟೆ ಅಂದರೆ ಅರ್ಧ ಗಂಟೆಯ 20 ಕ್ಲಾಸು. "ಹತ್ತು ದಿನದ ಪ್ಯಾಕೇಜ್" ಅಂದರೆ ಅಲ್ಲೇ ಲೆಕ್ಕ ತಪ್ಪಿತು. ಹೆಲ್ಮೆಟ್ ನಿಮ್ಮದೇ ಒಯ್ಯಿರಿ. ಹಿಂದೆ ಕೂತು ಹ್ಯಾಂಡಲ್ ಹಿಡಿಯುವುದು ಬೇಡ ಅನ್ನಿಸಿದರೆ ಬೇಡ ಅನ್ನಿ. ಮೊದಲು ಖಾಲಿ ಮೈದಾನದಲ್ಲಿ ಬ್ರೇಕ್ ಹಿಡಿದು ನಿಲ್ಲಿಸುವುದನ್ನೇ ಕಲಿಸಿ ಅಂತ ಕೇಳುವುದು ಸೊಕ್ಕು ಅಲ್ಲ.

ಷರತ್ತು ಮೀರಿದ ಸ್ಕೂಲಿನ ಲೈಸೆನ್ಸನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ 28ನೇ ನಿಯಮದಲ್ಲಿದೆ. ನಿಮ್ಮ ಆರ್‌ಟಿಒ ವ್ಯಾಪ್ತಿಯಲ್ಲಿ ಎಷ್ಟು ಸ್ಕೂಲುಗಳಿವೆ, ಕಳೆದ ಮೂರು ವರ್ಷದಲ್ಲಿ ಎಷ್ಟರ ತಪಾಸಣೆ ಆಗಿದೆ, ಎಷ್ಟು ಅಮಾನತಾಗಿವೆ, ಬೈಕ್ ತರಬೇತಿಗೆ ಅನುಮತಿ ಇರುವುದು ಎಷ್ಟಕ್ಕೆ ಅಂತ ಕೇಳಲು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಸಾಕು. ಊರೂರಿನಿಂದ ಉತ್ತರ ಬಂದು ಒಂದೆಡೆ ಸೇರಿದರೆ, ಮುಂದಿನ ಮಾತು ಸಾರಿಗೆ ಸಚಿವರ ಜೊತೆ ಆಡಬಹುದು.

ಇದನ್ನು ಬರೆಯುವ ಮೊದಲು ನಾನು ಕಲಿತ ಸ್ಕೂಲಿಗೆ ಫೋನ್ ಮಾಡಿ ನನ್ನ ಫಾರ್ಮ್ 15 ಕೇಳಿದೆ.

"ಅದ್ಯಾವ ಫಾರ್ಮ್ ಮೇಡಂ? ನಿಮ್ಗೆ ಡಿಎಲ್ ಬಂತಲ್ಲ?"

ಬಂತು. ನನ್ನ ಮಾಹಿತಿ ಹಕ್ಕು ಅರ್ಜಿ ಕಳೆದ ಸೋಮವಾರ ಆರ್‌ಟಿಒ ಸೇರಿದೆ. ಟ್ರೈನರ್ ಹೇಗಿದ್ದಾರೆ ಅಂತ ಅದೇ ಫೋನಿನಲ್ಲಿ ವಿಚಾರಿಸಿದೆ. ಸ್ಕೂಲು ಬಿಟ್ಟು ಈಗ ಫುಡ್ ಡೆಲಿವರಿ ಮಾಡುತ್ತಿದ್ದಾರಂತೆ.